ಹೇಗೆ ತಿರುಗಿಸಿದರೂ ಕೂರಬೇಕಾದ ತ್ರಿಭುಜ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಹಿತ್ತಲಲ್ಲಿರುವ ತಗಡಿನ ಶೆಡ್ಡಿನ ಬಾಗಿಲು ವಾರದಿಂದ ಬಿಡದೆ ಸುರಿಯುತ್ತಿರುವ ಮಳೆಗೆ ಉಬ್ಬಿಕೊಂಡಿದೆ. ಹೆಗಲು ಕೊಟ್ಟು ನೂಕಿದರಷ್ಟೇ ತೆರೆಯುತ್ತದೆ. ಒಳಗೆ ಬಂದ ಹೆಂಗಸು ಒದ್ದೆ ಶಾಲನ್ನು ಮೊಳೆಗೆ ಸಿಕ್ಕಿಸುತ್ತಾರೆ. ದಿನವೂ ಅವರು ಮೊದಲು ಮಾಡುವ ಕೆಲಸ ಮರ ಹೆರೆಯುವ ಹತ್ತರಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡುವುದು. ಇವತ್ತು ಹತ್ತರಿಯ ಕಡೆ ತಿರುಗಿಯೂ ನೋಡಿಲ್ಲ. ನೇರವಾಗಿ ಕಪಾಟಿಗೆ ಹೋಗಿ ಮರದ ಹಲಗೆಯೊಂದನ್ನು ತಂದು ಮೇಜಿನ ಮೇಲಿಡುತ್ತಾರೆ. ಅದರಲ್ಲಿ ಕೊರೆದ ಗೂಡೊಂದರಿಂದ ಅಂಗೈಯಗಲದ ತ್ರಿಕೋನದ ಬಿಲ್ಲೆಯನ್ನು ಎಬ್ಬಿಸಿ, ಮತ್ತೆ ಅಲ್ಲೇ ಕೂರಿಸುತ್ತಾರೆ. ಕೂರುತ್ತದೆ. ಇನ್ನೊಮ್ಮೆ ಎಬ್ಬಿಸಿ ಕೂರಿಸುತ್ತಾರೆ. ಕೂರುತ್ತದೆ.

"ಸರಿಯಾಗೇ ಇದೆಯಲ್ಲ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹಣೆಯ ಮೇಲಿನ ಗಂಟು ಮಾತ್ರ ಸಡಿಲವಾಗುವುದಿಲ್ಲ.

ಇದು ಕಣ್ಣು ಕಾಣದ ಮಕ್ಕಳ ಶಾಲೆ. ಇವರು ಇಲ್ಲಿನ ಬಡಗಿ. ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ, ಕಾಗದದ ಮೇಲೆ ಈಗಲೂ ಅದೇ ಕೆಲಸ. ಮಕ್ಕಳ ಬಾಯಲ್ಲಿ ಮಾತ್ರ ಮೂರ್ಮೂಲೆ ಅಕ್ಕ. ತ್ರಿಭುಜಗಳನ್ನು ಬಾಹುಗಳಿಂದಲೂ ಕೋನಗಳಿಂದಲೂ ಗುರುತಿಸುವ ಪಾಠವನ್ನು ಬೇರೆ ಶಾಲೆಯ ಮಕ್ಕಳು ಕಪ್ಪುಹಲಗೆ ನೋಡಿ ಕಲಿಯುತ್ತಾರೆ. ಇಲ್ಲಿಯವರು ಅಕ್ಕನ ಹಲಗೆಯನ್ನು ಮುಟ್ಟಿ ಕಲಿಯುತ್ತಾರೆ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ರಸ್ತೆಯಾಚೆಯ ದೊಡ್ಡ ಶಾಲೆ ಇಲ್ಲಿಂದ ಒಂದು ಮಗುವನ್ನು ಸೇರಿಸಿಕೊಳ್ಳಲು ಒಪ್ಪಿದೆ. ಆದರೆ ಆ ಮಗು ಲೆಕ್ಕದ ಪಾಠವನ್ನು ಬಾಯಿಪಾಠದಿಂದಲ್ಲ, ತಿಳಿದು ಕಲಿತಿದೆ ಎಂದು ಅವರಿಗೆ ಖಾತ್ರಿಯಾಗಬೇಕು. ಅದಕ್ಕೆ ಹೊರಗಿನ ಪರೀಕ್ಷಕರೊಬ್ಬರು ಬಂದು, ಬಿಲ್ಲೆಗಳನ್ನು ಕೈಗೆ ಕೊಟ್ಟು ಕೇಳುತ್ತಾರೆ. ಪರೀಕ್ಷೆಗೆ ಕೂರುವವಳ ಅಡ್ಡಹೆಸರು ಪಿಟೀಲು. ಹನ್ನೊಂದು ವರ್ಷದ ಹುಡುಗಿ. ಒಂದು ಪ್ರಶ್ನೆ ಹಿಡಿದರೆ ಉತ್ತರ ಸಿಗುವ ತನಕ ಕುಯ್ಯುತ್ತಲೇ ಇರುತ್ತಾಳೆಂದು ಹಾಸ್ಟೆಲಿನವರೇ ಇಟ್ಟ ಹೆಸರು.

ನಿನ್ನೆ ಸಂಜೆ ಕೊನೆಯ ಅಭ್ಯಾಸದಲ್ಲಿ ಪಿಟೀಲು, ಸಮಬಾಹು ಬಿಲ್ಲೆಯನ್ನು ಕೈಗೆ ತೆಗೆದುಕೊಂಡು "ಇದಕ್ಕೆ ಎರಡು ಬಾಹು ಸಮ" ಎಂದಳಂತೆ. ಲೆಕ್ಕದ ಟೀಚರ್ ತಿದ್ದಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಟೀಚರ್ ದನಿ ಏರಿಸಿದರು. ಹುಡುಗಿ ಬಾಯಿ ಮುಚ್ಚಿದಳು.

ಮನೆಗೆ ಹೊರಡುವಾಗ ಟೀಚರ್ ಶೆಡ್ಡಿನ ಬಾಗಿಲಲ್ಲಿ ಕೊಡೆ ಹಿಡಿದು ನಿಂತು ಇಷ್ಟನ್ನು ಹೇಳಿದ್ದಾರೆ: "ಅಷ್ಟೂ ಬಿಲ್ಲೆಯಲ್ಲಿ ಸುಲಭದ್ದು ಅದೇ ಅಕ್ಕ. ಅದನ್ನೇ ತಪ್ಪಿದರೆ ನಾಳೆ ಗತಿ ಏನು? ಭಯಕ್ಕೆ ಹಾಗಾಡ್ತಿದಾಳೋ ಏನೋ."

"ಭಯ ಪಡೋ ಮಗು ಅಲ್ಲ ಅದು," ಎಂದು ಈಗ ತಮ್ಮಷ್ಟಕ್ಕೇ ಗೊಣಗುತ್ತಾರೆ ಅಕ್ಕ, ಬಿಲ್ಲೆಯನ್ನು ನಾಲ್ಕನೆಯ ಬಾರಿ ಎಬ್ಬಿಸುತ್ತಾ. "ನನಗೆ ಭಯ ಇರೋದು ಬೇರೆ. ಅವಳ ಕೈ ಇದುವರೆಗೆ ಸುಳ್ಳು ಹೇಳಿಲ್ಲ. ಹಾಗಿದ್ರೆ ಸುಳ್ಳು ಹೇಳ್ತಿರೋದು ಯಾರು?"

ಗೂಡುಹಲಗೆ ನೋಡಲು ಮಕ್ಕಳ ಆಟಿಕೆಯಂತಿದೆ. ಹಲಗೆಯಲ್ಲಿ ಏಳು ಗೂಡು, ಏಳು ಬಿಲ್ಲೆ. ಮೂರೂ ಬಾಹು ಸಮವಾದದ್ದು, ಎರಡು ಸಮವಾದದ್ದು, ಯಾವುದೂ ಸಮವಿಲ್ಲದ್ದು ಎಂದು ಬಾಹುಗಳಲ್ಲಿ ಮೂರು ಬಗೆ. ಲಘುಕೋನ, ಲಂಬಕೋನ, ವಿಶಾಲಕೋನ ಎಂದು ಕೋನಗಳಲ್ಲೂ ಮೂರು ಬಗೆ. ಹಾಗೆ ನೋಡಿದರೆ ಬಿಲ್ಲೆ ಒಂಬತ್ತಾಗಬೇಕಿತ್ತು. ಆದರೆ ಮೂರೂ ಬಾಹು ಸಮವಿದ್ದರೆ ಮೂಲೆಗಳೂ ಸಮವಾಗಿಬಿಡುತ್ತವೆ, ಎಲ್ಲವೂ ಲಘುಕೋನವೇ. ಅದರಲ್ಲಿ ಲಂಬಕೋನವನ್ನಾಗಲಿ ವಿಶಾಲಕೋನವನ್ನಾಗಲಿ ಯಾರೂ ತುರುಕಲಾರರು. ಅಕ್ಕ ಮೊದಮೊದಲು ಎರಡು ದಿನ ಮರ ಹಾಳುಮಾಡಿಕೊಂಡು ಇದನ್ನು ಅರಿತರಂತೆ. "ಸಮಬಾಹುಗೆ ಲಂಬಕೋನ ಹಾಕ್ತೀನಿ ಅಂತ ಹಟ ಹಿಡಿದಿದ್ದೆ. ಟೀಚರ್ ಬಂದು, ಅಕ್ಕ ಅದು ಇಲ್ಲ, ಮರ ಉಳಿಸಿ ಅಂದ್ರು."

ಮಕ್ಕಳು ಬಾಹುಗಳನ್ನು ಅಳತೆಪಟ್ಟಿಯಿಂದ ಅಳೆಯುವುದಿಲ್ಲ, ಬಿಲ್ಲೆಯನ್ನು ಗೂಡಿನಲ್ಲಿ ತಿರುಗಿಸಿ ನೋಡುತ್ತಾರೆ. ಸಮಬಾಹುವನ್ನು ಯಾವ ಮೂಲೆ ಮೇಲೆ ಮಾಡಿ ಇಟ್ಟರೂ ಗೂಡಿಗೆ ಸಲೀಸಾಗಿ ಇಳಿಯುತ್ತದೆ. ಸಮದ್ವಿಬಾಹುವನ್ನು ತಿರುಗಿಸಿದರೆ ಇಳಿಯುವುದಿಲ್ಲ, ಆದರೆ ದೋಸೆಯಂತೆ ಅಲ್ಲೇ ಮಗುಚಿ ಹಾಕಿದರೆ ಇಳಿಯುತ್ತದೆ. ಅಸಮಬಾಹು ಮಾತ್ರ ಮಗುಚಿದರೂ ಇಲ್ಲ, ತಿರುಗಿಸಿದರೂ ಇಲ್ಲ; ತನಗೆ ಬೇಕಾದ ಒಂದೇ ರೀತಿಯಲ್ಲಿ ಕೂರುತ್ತದೆ. ಕೋನಕ್ಕೆ ಬೇರೆ ಉಪಾಯ: ಚೌಕ ಮೂಲೆ ಕೊರೆದ ಒಂದು ಮರದ ತುಂಡು. ಬಿಲ್ಲೆಯ ಮೂಲೆಯನ್ನು ಅದರೊಳಗೆ ಒತ್ತಬೇಕು. ಸಂದಿಲ್ಲದೆ ಕೂತರೆ ಲಂಬಕೋನ, ಗಡಗಡ ಅಲ್ಲಾಡಿದರೆ ಲಘು, ಒಳಗೇ ಹೋಗದೆ ಬಾಗಿಲಲ್ಲೇ ನಿಂತರೆ ವಿಶಾಲ.

ಪಿಟೀಲು ಇದನ್ನು ಚಿಕ್ಕ ತರಗತಿಯವರಿಗೆ ಕಲಿಸುವ ರೀತಿಯೇ ಬೇರೆ. "ಸಮಬಾಹು ಅಂದ್ರೆ ಹಾಸ್ಟೆಲ್ ಆಯಾ, ಎಲ್ಲಿ ಕೂರಿಸಿದ್ರೂ ಕೂರ್ತಾರೆ. ಸಮದ್ವಿಬಾಹು ಅಂದ್ರೆ ಟೀಚರ್, ಸ್ವಲ್ಪ ಪುಸಲಾಯಿಸಬೇಕು. ಅಸಮಬಾಹು ಅಂದ್ರೆ ಅಕ್ಕನ ಅತ್ತೆ!"

ಆ ಅತ್ತೆ ಈಗ ಚಹಾದ ಫ್ಲಾಸ್ಕು ಹಿಡಿದು, ಒಂದೊಂದೇ ಹೆಜ್ಜೆ ಊರಿ ಶೆಡ್ಡಿಗೆ ಬರುತ್ತಿದ್ದಾರೆ. ಸೊಸೆಯ ಗುರು ಇವರೇ. ಗಂಡ ಬಡಗಿಯಾಗಿದ್ದ ಕಾಲದಲ್ಲಿ ದೊಡ್ಡ ಗರಗಸದ ಇನ್ನೊಂದು ತುದಿಯನ್ನು ಹಿಡಿದು ಎಳೆದವರು. ಒಬ್ಬರೂ ಇವರನ್ನು ಬಡಗಿ ಎಂದು ಕರೆಯಲಿಲ್ಲ, ಕೂಲಿಯನ್ನೂ ಬೇರೆಯಾಗಿ ಕೊಡಲಿಲ್ಲ. ಮರದ ವಿಷಯ ಮಾತ್ರ ಅಂಗೈಯಲ್ಲಿ ಉಳಿಯಿತು. ಗಂಡ ಹೋದರು, ಮುಂದೆ ಮಗನೂ ಕಾಯಿಲೆ ಬಿದ್ದು ಹೋದ. ಅತ್ತೆ ಸೊಸೆ ಇಬ್ಬರೇ ಉಳಿದಾಗ, ಸೊಸೆಗೆ ಈ ಶಾಲೆಯಲ್ಲಿ ಕಸ ಗುಡಿಸುವ ಕೆಲಸವೂ ಹಿಂಬದಿಯಲ್ಲಿ ಒಂದು ಕೋಣೆಯೂ ಸಿಕ್ಕಿತು.

ಆಗ ಮಕ್ಕಳ ಕೈಯಲ್ಲಿದ್ದದ್ದು ರಟ್ಟಿನ ತ್ರಿಕೋನಗಳು. ನಾಲ್ಕು ದಿನಕ್ಕೆ ಬೆವರಿಗೆ ಮೆತ್ತಗಾಗಿ ಮೂಲೆಗಳೆಲ್ಲ ಬೆಕ್ಕಿನ ಕಿವಿಯಂತೆ ಮಡಚಿಕೊಳ್ಳುತ್ತಿದ್ದವು. ಗುಡಿಸುವಾಗ ಅವನ್ನು ಎತ್ತಿಕೊಂಡು ಮನೆಗೆ ತಂದ ಸೊಸೆಗೆ ಅತ್ತೆ ಮಾವನ ಗರಗಸವನ್ನು ಕೊಟ್ಟು, "ಎಳಿ. ಸೊಂಟದಿಂದ ಎಳಿ, ಭುಜದಿಂದಲ್ಲ. ನಿನಗೆ ಸೊಂಟಕ್ಕೇನು ಕೊರತೆ?" ಎಂದರು. ಕಲಿಕೆ ಶುರುವಾದದ್ದು ಹಾಗೆ.

"ಇವತ್ತಿಗೂ ಅದೇ ಬಾಯಿ," ಎಂದು ಅಕ್ಕ ನಗುತ್ತಾರೆ. ಆ ನಗು ಕಣ್ಣಿನ ತನಕ ಬರುವುದಿಲ್ಲ.

ಒಂದು ಗೂಡುಹಲಗೆ ಮುಗಿಯಲು ಮೂರು ದಿನ ಬೇಕು. ಕೊರೆಯುವುದು ಒಂದು ದಿನದ ಕೆಲಸ, ಉಳಿದದ್ದೆಲ್ಲ ಉಜ್ಜುವುದು. ಪ್ರತಿ ಬಿಲ್ಲೆಯ ಅಂಚನ್ನೂ ಅಕ್ಕ ತಮ್ಮ ಕೆನ್ನೆಗೆ ಸವರಿ ನೋಡುತ್ತಾರೆ. ಬೆರಳಿಗೆ ಗೊತ್ತಾಗದ ಸಿಬಿರು ಕೆನ್ನೆಗೆ ಗೊತ್ತಾಗುತ್ತದಂತೆ. ಚಳಿಯ ದಿನಗಳಲ್ಲಿ ತರಗತಿಗೆ ಕಳಿಸುವ ಮುಂಚೆ ಬಿಲ್ಲೆಗಳನ್ನು ಚಹಾದ ಫ್ಲಾಸ್ಕಿನ ಜೊತೆ ಒಂದೇ ಚೀಲದಲ್ಲಿ ಇಟ್ಟಿರುತ್ತಾರೆ. ತಣ್ಣಗಿನ ಮರ ಮುಟ್ಟಿದರೆ ಮಕ್ಕಳು ಕೈ ಎಳೆದುಕೊಳ್ಳುತ್ತಾರೆ ಎಂಬುದು ಅವರ ಕಾಳಜಿ. ವಾರ್ನಿಷ್ ಬಳಿಯುವುದಿಲ್ಲ. ಅದರ ವಾಸನೆಗೆ ಕೆಲವು ಮಕ್ಕಳಿಗೆ ತಲೆನೋವು, ಮೇಲಾಗಿ ನುಣುಪಾದ ಅಂಚಿನ ಮೇಲೆ ಬೆರಳು ಜಾರುತ್ತದೆ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ, ಯಾರೂ ಗಮನಿಸಿದ್ದೂ ಇಲ್ಲ. ಇವತ್ತು ಬೆಳಿಗ್ಗೆ ಅವರನ್ನು ಕಾಡುತ್ತಿರುವುದು ಆ ವಾರ್ನಿಷ್ ಇಲ್ಲದ ಮರವೇ.

"ಏನು, ಬೆಳಗಾಗೋ ಮುಂಚೆ ಒಬ್ಬಳೇ ಚೌಕಾಬಾರ ಆಡ್ತಿದೀಯಾ?" ಎಂದು ಅತ್ತೆ ಚಹಾ ಬಗ್ಗಿಸುತ್ತಾರೆ.

"ಈ ಸಮಬಾಹು ನೋಡಿ ಅತ್ತೆ. ಸರಿಯಾಗೇ ಕೂರ್ತಿದೆ. ಆದ್ರೆ ಪಿಟೀಲು ಎರಡೇ ಬಾಹು ಸಮ ಅಂತಾಳಂತೆ."

ಅತ್ತೆ ಲೋಟ ಕೆಳಗಿಟ್ಟು, ಸೊಸೆಯ ಕೈಯನ್ನೇ ನೋಡುತ್ತಾರೆ. ಆಮೇಲೆ, "ಪ್ರತಿ ಸಲವೂ ಎಳೆಗೆ ಎಳೆ ಸೇರಿಸಿ ಕೂರಿಸ್ತಿದೀಯಲ್ಲೇ. ಆ ಮಗು ಎಳೆ ನೋಡಿ ಕೂರಿಸುತ್ತಾ?" ಎನ್ನುತ್ತಾರೆ.

ಅಕ್ಕನ ಕೈ ಅಲ್ಲೇ ನಿಲ್ಲುತ್ತದೆ.

ಕಣ್ಣಿರುವ ಬಡಗಿಯ ಅಭ್ಯಾಸವದು. ಮರದ ಮೈಮೇಲಿನ ಎಳೆಗಳು ಹಲಗೆಯಿಂದ ಬಿಲ್ಲೆಗೆ, ಬಿಲ್ಲೆಯಿಂದ ಮತ್ತೆ ಹಲಗೆಗೆ ಮುರಿಯದೆ ಹರಿದರೆ ನೋಡಲು ಚೆಂದ. ಅದಕ್ಕೆ ಕೈ ತಾನಾಗಿಯೇ ಬಿಲ್ಲೆಯನ್ನು ಕೊರೆದಾಗ ಇದ್ದ ಹಾಗೆಯೇ ಕೂರಿಸುತ್ತದೆ. ಅಕ್ಕ ಈಗ ಉಸಿರು ಬಿಗಿಹಿಡಿದು ಬಿಲ್ಲೆಯನ್ನು ಎಬ್ಬಿಸಿ, ಒಂದು ಮೂಲೆಯಷ್ಟು ತಿರುಗಿಸಿ ಇಡುತ್ತಾರೆ. ಇಳಿಯುವುದಿಲ್ಲ. ಹೆಬ್ಬೆರಳಿನಿಂದ ಒತ್ತುತ್ತಾರೆ. ಒಂದು ಬದಿ ಮೇಲೆದ್ದು ನಿಲ್ಲುತ್ತದೆ. ಇನ್ನೊಂದು ಮೂಲೆಯಷ್ಟು ತಿರುಗಿಸುತ್ತಾರೆ. ಅಲ್ಲೂ ಇಲ್ಲ. ಮೊದಲಿನ ಹಾಗೇ ಇಟ್ಟು ಮಗುಚಿದರೆ ಮಾತ್ರ ಸಲೀಸಾಗಿ ಇಳಿಯುತ್ತದೆ.

ಎರಡೇ ಬಾಹು ಸಮ. ಹುಡುಗಿ ಹೇಳಿದ್ದು ನಿಜ.

ಪ್ರತಿ ವರ್ಷ ಅಕ್ಕ ಹಲಗೆಗಳನ್ನು ಪ್ಲೈವುಡ್ಡಿನಲ್ಲಿ ಮಾಡುತ್ತಿದ್ದರು. ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಅಂಟಿಸಿರುವುದರಿಂದ ಅದು ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ. ಈ ವರ್ಷ ಪ್ಲೈವುಡ್ ಬರುವುದು ತಡವಾಯಿತು. ಯಾರೋ ದಾನವಾಗಿ ಕೊಟ್ಟ ಹಳೆಯ ಬೀರುವಿನ ಬಾಗಿಲು ಶೆಡ್ಡಿನಲ್ಲಿತ್ತು. ಗಟ್ಟಿ ಮರ, ಒಳ್ಳೆಯ ಎಳೆ. ಅಕ್ಕ ಖುಷಿಯಿಂದ ಅದನ್ನು ಕೊಯ್ದು ಎರಡು ಹಲಗೆ ಮಾಡಿದರು: ಒಂದು ಅಭ್ಯಾಸಕ್ಕೆ, ಒಂದು ಪರೀಕ್ಷೆಗೆ. ಬಿಸಿಲಿದ್ದ ದಿನಗಳಲ್ಲಿ ಅಳೆದಾಗ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಮೇಲೆ ಮಳೆ ಹಿಡಿಯಿತು. ಪದರ ಅಂಟಿಸದ, ವಾರ್ನಿಷ್ ಬಳಿಯದ ಇಡೀ ಮರ ತೇವ ಕುಡಿದರೆ ಎಳೆಯ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಹಲಗೆಯೂ ಅದೇ ಮರ, ಬಿಲ್ಲೆಯೂ ಅದೇ ಮರ. ಎರಡೂ ಜೊತೆಯಾಗಿ, ಒಂದೇ ದಿಕ್ಕಿಗೆ ಹಿಗ್ಗಿದ್ದರಿಂದ ಕಣ್ಣಿಟ್ಟು ಕೂರಿಸಿದವರಿಗೆ ಏನೂ ಗೊತ್ತಾಗಲಿಲ್ಲ. ತಿರುಗಿಸಿ ನೋಡಿದ ಬೆರಳಿಗೆ ಮಾತ್ರ ಗೊತ್ತಾಯಿತು.

"ಇಡೀ ಮರ ಅಂತ ಗೊತ್ತಿದ್ದೂ ಮಾಡಿದೆಯಲ್ಲೇ," ಎನ್ನುತ್ತಾರೆ ಅತ್ತೆ, ಬೈಗುಳಕ್ಕಿಂತ ಮರುಕವೇ ಹೆಚ್ಚಿರುವ ದನಿಯಲ್ಲಿ.

"ಮರ ಚೆನ್ನಾಗಿತ್ತು ಅತ್ತೆ. ಮಕ್ಕಳ ಕೈಗೆ ಒಳ್ಳೆ ಮರ ಸಿಗಲಿ ಅಂತ."

"ನಿನ್ನ ಒಳ್ಳೆತನಕ್ಕಿಷ್ಟು ಬೆಂಕಿ ಹಾಕ. ಒಲೆ ಪಕ್ಕ ಇಡು, ಒಣಗಲಿ."

"ಇದನ್ನೇನೋ ಒಣಗಿಸಬಹುದು. ಪರೀಕ್ಷೆದು ಆಫೀಸಿನ ಕಪಾಟಲ್ಲಿ ಬೀಗದೊಳಗಿದೆ. ಆ ಗೋಡೆಯಂತೂ ವಾರದಿಂದ ಬೆವರ್ತಿದೆ."

ಆ ಕಪಾಟಿನಲ್ಲಿ ಇನ್ನೂ ಒಂದು ವಸ್ತುವಿದೆ, ಅದು ಇಬ್ಬರಿಗೂ ಗೊತ್ತು. ಕಂಪನಿಯೊಂದು ಮಾದರಿಗೆಂದು ಕಳಿಸಿರುವ ಪ್ಲಾಸ್ಟಿಕ್ ಗೂಡುಹಲಗೆ. ಈ ಪರೀಕ್ಷೆ ಸುಸೂತ್ರವಾಗಿ ಮುಗಿಯಲಿ, ಆಮೇಲೆ ಮರದ್ದೋ ಪ್ಲಾಸ್ಟಿಕ್ಕೋ ಎಂದು ತೀರ್ಮಾನಿಸೋಣ ಎಂದು ಹೆಡ್ ಮೇಡಂ ತಿಂಗಳ ಹಿಂದೆಯೇ ಹೇಳಿದ್ದಾರೆ. ಪ್ಲಾಸ್ಟಿಕ್ ಬಂದರೆ ಶೆಡ್ಡು ಮತ್ತೆ ಮುರಿದ ಕುರ್ಚಿಗಳ ಗೋದಾಮು. ಅಕ್ಕನ ಕೈಗೆ ಮತ್ತೆ ಪೊರಕೆ.

"ಬಾಯಿ ಬಿಟ್ಟರೆ ಶೆಡ್ಡು ಹೋಗುತ್ತೆ," ಎನ್ನುತ್ತಾರೆ ಅಕ್ಕ ನಿಧಾನವಾಗಿ. "ಬಿಡದಿದ್ರೆ ಮಗೂ ಸೀಟು ಹೋಗುತ್ತೆ."

ಅತ್ತೆ ಆರಿದ ಚಹಾವನ್ನು ಚೆಲ್ಲಿ ಬಿಸಿಯದನ್ನು ಬಗ್ಗಿಸಿ ಸೊಸೆಯ ಕೈಗೆ ಕೊಡುತ್ತಾರೆ.

ಹಾಸ್ಟೆಲಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಪಿಟೀಲು, ಹೆಜ್ಜೆಯ ಸದ್ದಿಗೇ "ಅಕ್ಕಾ?" ಎನ್ನುತ್ತಾಳೆ. ಅಕ್ಕ ಹೋದದ್ದು ಧೈರ್ಯ ಹೇಳಲು. ಆದರೆ ಹುಡುಗಿಯೇ ಮೊದಲು ಬಾಯಿ ತೆರೆಯುತ್ತಾಳೆ.

"ಅಕ್ಕ, ನೀವೇನೂ ಯೋಚನೆ ಮಾಡ್ಬೇಡಿ. ನಾನು ಬಾಯಿಪಾಠ ಮಾಡ್ಕೊಂಡಿದೀನಿ. ಎಡಗಡೆ ಮೇಲಿನ ಗೂಡಲ್ಲಿರೋದು ಸಮಬಾಹು. ಅದರ ಪಕ್ಕದ್ದು ಸಮದ್ವಿಬಾಹು. ಇನ್ನು ಮೇಲೆ ತಿರುಗಿಸಿ ನೋಡೋದೇ ಇಲ್ಲ."

"ಯಾಕೆ ತಾಯಿ?"

"ತಿರುಗಿಸಿದ್ರೆ ನನ್ನ ಕೈ ತಪ್ಪು ಹೇಳುತ್ತೆ."

ಅಕ್ಕ ನಲ್ಲಿಯ ಕಟ್ಟೆಯ ಮೇಲೆ ಕೂರುತ್ತಾರೆ. ಪ್ರಶ್ನೆ ಕೇಳಿ ಕೇಳಿ ಎಲ್ಲರ ತಲೆ ತಿನ್ನುವ ಹುಡುಗಿ ಪ್ರಶ್ನೆಯನ್ನೇ ಬಿಟ್ಟು ಕೂತಿದ್ದಾಳೆ. ಆ ಕ್ಷಣದ ಬಗ್ಗೆ ಅಕ್ಕ ಆಮೇಲೆ ಹೇಳಿದ್ದು ಇಷ್ಟು: "ಶೆಡ್ಡು, ಪ್ಲಾಸ್ಟಿಕ್ಕು ಎಲ್ಲ ಮರೆತೇಹೋಯ್ತು. ಕಣ್ಣಿಲ್ಲದ ಮಗು ಕೈಯನ್ನೂ ನಂಬದಿದ್ರೆ ಇನ್ನೇನನ್ನ ನಂಬ್ಕೊಂಡು ಬದುಕಬೇಕು?"

ಅವರು ಹುಡುಗಿಯ ಒದ್ದೆ ಕೈಗಳೆರಡನ್ನೂ ಹಿಡಿದುಕೊಳ್ಳುತ್ತಾರೆ. "ನಿನ್ನ ಕೈ ತಪ್ಪು ಹೇಳಿಲ್ಲ ಕಂದ. ತಪ್ಪು ಮಾಡಿದ್ದು ನಾನು. ಮಳೆಗೆ ಮರ ಹಿಗ್ಗಿದೆ. ಮೂರು ಸಮ ಇದ್ದದ್ದು ಈಗ ಎರಡೇ ಸಮ."

ಪಿಟೀಲು ತಲೆಯೆತ್ತುತ್ತಾಳೆ. ನಲ್ಲಿ ತೊಟ್ಟಿಕ್ಕುತ್ತದೆ. "ಹೌದಾ? ಎಷ್ಟು ಹಿಗ್ಗಿದೆ?" ಎನ್ನುತ್ತಾಳೆ. ಮತ್ತೆ, "ಎಲ್ಲಾ ಕಡೆ ಯಾಕೆ ಹಿಗ್ಗಲಿಲ್ಲ?" ಮತ್ತೆ, "ಟೀಚರ್‌ಗೆ ಹೇಳಿದ್ರಾ?"

ಮೂರನೆಯ ಪ್ರಶ್ನೆಗೆ ಉತ್ತರ ಕೊಡಲು ಅಕ್ಕ ಆಫೀಸಿನ ಮೆಟ್ಟಿಲು ಹತ್ತಬೇಕಾಗುತ್ತದೆ.

ಹೆಡ್ ಮೇಡಂ ಕೆಟ್ಟವರಲ್ಲ. ಸೋರುವ ಚಾವಣಿಗೆ ಬಕೆಟ್ ಇಟ್ಟುಕೊಂಡು ಶಾಲೆ ನಡೆಸುವವರಿಗೆ ಇರಬೇಕಾದಷ್ಟೇ ಸಿಡುಕು ಅವರಿಗಿದೆ. ಲೆಕ್ಕದ ಟೀಚರ್ ಕೂಡ ಅಲ್ಲೇ ಇದ್ದಾರೆ. ಅಕ್ಕ ಹೇಳಿ ಮುಗಿಸುವ ತನಕ ಹೆಡ್ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ. "ಇವತ್ತೇ ಹೇಳ್ಬೇಕಾ ಇದನ್ನ? ಇನ್ನೊಂದು ಗಂಟೆಯಲ್ಲಿ ಅವರು ಬಂದು ಕೂರ್ತಾರೆ. ಮುಂದಕ್ಕೆ ಹಾಕಿದ್ರೆ ಸೀಟು ಬೇರೆ ಶಾಲೆಗೆ ಹೋಗುತ್ತೆ, ಗೊತ್ತು ತಾನೆ?"

"ಗೊತ್ತು ಮೇಡಂ."

"ಅದಕ್ಕೇ ನಾನು ಪ್ಲಾಸ್ಟಿಕ್ ತರಿಸೋಣ ಅಂದದ್ದು."

ಅಷ್ಟರಲ್ಲಿ ಲೆಕ್ಕದ ಟೀಚರ್ ಕುರ್ಚಿಯಿಂದ ಎದ್ದಿದ್ದಾರೆ. "ನಾನು ಅವಳನ್ನ ಗದರಿಸಿದೆನಲ್ಲ," ಎಂದು ಎರಡು ಸಲ ಹೇಳಿ, ಯಾರ ಅಪ್ಪಣೆಯನ್ನೂ ಕೇಳದೆ ಹಾಸ್ಟೆಲಿನ ಕಡೆ ಓಡುತ್ತಾರೆ. ಕೊಡೆಯನ್ನು ಬಾಗಿಲ ಹಿಂದೆಯೇ ಮರೆತಿದ್ದಾರೆ.

ಪರೀಕ್ಷಕರು ಹೇಳಿದ ಹೊತ್ತಿಗಿಂತ ಮುಂಚೆಯೇ ಬರುತ್ತಾರೆ. ತೆಳ್ಳಗಿನ, ಮಾತು ಕಡಿಮೆಯಾದ ಮನುಷ್ಯ. ವಿಷಯ ಕೇಳಿ, ಕಪಾಟಿನಿಂದ ತೆಗೆದ ಹಲಗೆಯ ಮೇಲೆ ಬಗ್ಗಿ, ಸಮಬಾಹು ಬಿಲ್ಲೆಯನ್ನು ಎಬ್ಬಿಸಿ ಕೂರಿಸುತ್ತಾರೆ. ಕೂರುತ್ತದೆ. "ಕೂತಿದೆಯಲ್ಲಮ್ಮ?"

"ತಿರುಗಿಸಿ ಸಾರ್."

ತಿರುಗಿಸುತ್ತಾರೆ. ಬಿಲ್ಲೆ ಮೂಲೆಯೆತ್ತಿ ನಿಲ್ಲುತ್ತದೆ. ಪರೀಕ್ಷಕರು ಹುಬ್ಬೇರಿಸಿ ಹೆಡ್ ಮೇಡಂ ಕಡೆ ನೋಡುತ್ತಾರೆ. ಅವರು ಗೋಡೆಯ ಗಡಿಯಾರದ ಕಡೆ ನೋಡುತ್ತಾರೆ. ಉಳಿದ ಬಿಲ್ಲೆಗಳೂ ಸ್ವಲ್ಪ ಸ್ವಲ್ಪ ಹಿಗ್ಗಿರಲೇಬೇಕು, ಗುಟ್ಟು ರಟ್ಟಾದದ್ದು ಇದರಲ್ಲಿ ಅಷ್ಟೇ. ಈ ಹಲಗೆಯನ್ನು ನಂಬುವ ಹಾಗಿಲ್ಲ. ಪ್ಲಾಸ್ಟಿಕ್ಕಿನದನ್ನು ಹುಡುಗಿ ಒಮ್ಮೆಯೂ ಮುಟ್ಟಿಲ್ಲ.

"ಚಿಕ್ಕ ಮಕ್ಕಳ ಆಟದ ಪೆಟ್ಟಿಗೆಯಲ್ಲಿ ಹಳೇದು ಒಂದಿದೆ," ಎನ್ನುತ್ತಾರೆ ಅಕ್ಕ. "ನಾನು ಮೊಟ್ಟಮೊದಲು ಪ್ಲೈವುಡ್ಡಲ್ಲಿ ಮಾಡಿದ್ದು. ನೋಡೋಕೆ ಚೆನ್ನಾಗಿಲ್ಲ."

ನಿಜಕ್ಕೂ ಚೆನ್ನಾಗಿಲ್ಲ. ಎಷ್ಟೋ ಮಕ್ಕಳ ಬೆರಳಿನ ಎಣ್ಣೆ, ಬೆವರು ಕುಡಿದು ಬಿಲ್ಲೆಗಳ ಅಂಚು ಕಪ್ಪಗಾಗಿದೆ. ಒಂದು ಗೂಡಿನ ಬದಿಗೆ ಯಾರೋ ಬಳಪ ತುಂಬಿದ್ದಾರೆ. ಅಕ್ಕ ತೊಡೆಯ ಮೇಲಿಟ್ಟುಕೊಂಡು ಮೊಳೆಯ ತುದಿಯಿಂದ ಅದನ್ನು ಕೆರೆದು ತೆಗೆಯುತ್ತಾರೆ. ಪರೀಕ್ಷಕರು ಜೇಬಿನಿಂದ ಅಳತೆಪಟ್ಟಿ ತೆಗೆದು ಒಂದೊಂದೇ ಬಿಲ್ಲೆಯನ್ನು ಅಳೆಯುತ್ತಾರೆ. ಸಮಬಾಹುವನ್ನು ಒಂದು ರೀತಿ ಕೂರಿಸುತ್ತಾರೆ, ಮತ್ತೊಂದು ರೀತಿ, ಮಗದೊಂದು ರೀತಿ. ಮೂರು ಸಲವೂ ಟಕ್ ಎಂದು ಇಳಿಯುತ್ತದೆ. "ಆಗಬಹುದು," ಎನ್ನುತ್ತಾರೆ. ಅಷ್ಟೇ.

ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚುತ್ತದೆ. ವರಾಂಡದ ಕಿಟಕಿಯ ಕೆಳಗೆ ಅಕ್ಕ, ಅತ್ತೆ, ಲೆಕ್ಕದ ಟೀಚರ್ ಮೂವರೂ ಬೆಂಚಿನ ಮೇಲೆ ಕೂತಿದ್ದಾರೆ. ಟೀಚರ್ ತಲೆಯಿಂದ ನೀರು ಸೋರುತ್ತಿದೆ. ಅತ್ತೆ ತಮ್ಮ ಶಾಲನ್ನು ತೆಗೆದು ಆಕೆಯ ಹೆಗಲಿಗೆ ಹಾಕುತ್ತಾರೆ. ಒಳಗಿನಿಂದ ಬಿಲ್ಲೆಗಳ ಸದ್ದು, ಪರೀಕ್ಷಕರ ತಗ್ಗಿದ ದನಿ, ಹುಡುಗಿಯ ದನಿ. "ಅಸಮಬಾಹು. ಕೋನ... ಬಾಗಿಲಲ್ಲೇ ನಿಂತಿದೆ... ವಿಶಾಲಕೋನ." ಸ್ವಲ್ಪ ಹೊತ್ತಾದ ಮೇಲೆ, "ಸಮದ್ವಿಬಾಹು, ಲಂಬಕೋನ." ಹಳೆಯ ಹಲಗೆಯಲ್ಲಿ ಗೂಡುಗಳ ಜಾಗವೇ ಬೇರೆ, ಬಾಯಿಪಾಠ ಮಾಡಿದ್ದು ಉಪಯೋಗಕ್ಕೆ ಬರುವಂತಿಲ್ಲ. ಪ್ರತಿ ಉತ್ತರಕ್ಕೂ ಟೀಚರ್ ಉಸಿರು ಬಿಡುತ್ತಾರೆ. ಅಕ್ಕ ಬಿಡುವುದಿಲ್ಲ.

ಸಮಬಾಹುವಿನ ಸರದಿ ಬರುತ್ತದೆ. ಸದ್ದು ನಿಲ್ಲುತ್ತದೆ. ಒಂದು ಬಾರಿ ಟಕ್. ಆಮೇಲೆ ಏನೂ ಇಲ್ಲ. ಮಳೆ ತಗಡಿನ ಮೇಲೆ ಬೀಳುತ್ತಲೇ ಇದೆ.

"ತಿರುಗಿಸೇ," ಎಂದು ಅಕ್ಕ ಗೋಡೆಗೆ ಹೇಳುತ್ತಾರೆ, ತುಟಿಯಲ್ಲೇ. "ತಿರುಗಿಸಿ ನೋಡೇ ತಾಯಿ."

ಟಕ್. ಮತ್ತೆ ಟಕ್.

"ಮೂರೂ ಸಮ. ಸಮಬಾಹು. ಕೋನ ಲಘು," ಎನ್ನುತ್ತಾಳೆ ಪಿಟೀಲು. ತಡೆಯಲಾರದೆ ಪ್ರಶ್ನೆಯನ್ನೂ ಹಾಕುತ್ತಾಳೆ: "ಸಾರ್, ಹೊಸ ಹಲಗೆ ನಿಮ್ಮ ಹತ್ರ ಇದೆಯಾ? ಅದನ್ನೂ ಕೊಡಿ."

ಅಂಕಗಳಿಗೆ ಸಂಬಂಧವಿಲ್ಲದ ಈ ಬೇಡಿಕೆಗೆ ಪರೀಕ್ಷಕರು ಏನೆಂದುಕೊಂಡರೋ ಗೊತ್ತಿಲ್ಲ. ಕುರ್ಚಿ ಸರಿಯುವ ಸದ್ದಾಗುತ್ತದೆ. ಬಿಲ್ಲೆ ಗೂಡಿಗೆ ಇಳಿಯುತ್ತದೆ, ಸಿಕ್ಕಿಕೊಳ್ಳುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ, ಮಗುಚಿದಾಗ ಇಳಿಯುತ್ತದೆ. "ಇದು ಇವತ್ತು ಸಮದ್ವಿಬಾಹು," ಎನ್ನುತ್ತದೆ ಒಳಗಿನ ದನಿ, ಸ್ಪಷ್ಟವಾಗಿ. "ಕೋನ ಮಾತ್ರ ಆವತ್ತೂ ಲಘು, ಇವತ್ತೂ ಲಘು."

ಬೆಂಚಿನ ಮೇಲೆ ಅತ್ತೆ ಸೊಸೆಯ ಮಂಡಿಯನ್ನು ಒಮ್ಮೆ ಒತ್ತುತ್ತಾರೆ.

ಹೊರಗೆ ಬಂದ ಪರೀಕ್ಷಕರು ಹೆಡ್ ಮೇಡಂಗೆ ಕೈಮುಗಿದು, "ಹುಡುಗಿಯನ್ನು ಕಳಿಸಿಕೊಡಿ, ಸೀಟು ಅವಳದ್ದೇ," ಎಂದಷ್ಟೇ ಹೇಳಿ ಗೇಟಿನ ಕಡೆ ನಡೆಯುತ್ತಾರೆ. ಟೀಚರ್ ಕೊಡೆಯನ್ನು ತಂದು ಅವರಿಗೇ ಹಿಡಿಯುತ್ತಾರೆ.

ಶೆಡ್ಡಿನ ತೀರ್ಮಾನ ಇನ್ನೂ ಆಗಿಲ್ಲ. ಮುಂದಿನ ಸಭೆಯ ತನಕ ಕಾಯಬೇಕು. ಹೆಡ್ ಮೇಡಂ ಮಧ್ಯಾಹ್ನ ಶೆಡ್ಡಿಗೆ ಬಂದು, ಬಾಗಿಲಲ್ಲೇ ನಿಂತು, "ಪ್ಲೈವುಡ್‌ಗೆ ಹೇಳಿದೀನಿ, ಈ ವಾರ ಬರುತ್ತೆ. ಇನ್ನು ಮೇಲೆ ಹಲಗೆ ಮುಗಿದ ಮೇಲೆ ನೀವು ನೋಡಿದ್ರೆ ಸಾಲದು. ಮಕ್ಕಳ ಕೈಗೆ ಕೊಟ್ಟು ತಿರುಗಿಸಿ," ಎಂದರು. ಪ್ಲಾಸ್ಟಿಕ್ಕಿನ ಸುದ್ದಿ ಎತ್ತಲಿಲ್ಲ. ಬೇಡವೆಂದೂ ಹೇಳಲಿಲ್ಲ. ಅಕ್ಕ ಮಾತಿನ ನಡುವೆ ಆಗಾಗ ಆಫೀಸಿನ ಕಡೆ ಕಣ್ಣು ಹಾಯಿಸುತ್ತಾರೆ.

"ಹೋದ್ರೆ ಹೋಗಲಿ ಅನ್ನೋಷ್ಟು ದೊಡ್ಡ ಮನಸ್ಸು ನನಗಿಲ್ಲ," ಎನ್ನುತ್ತಾರೆ. "ಹೋಗದೇ ಇರಲಿ ಅಂತಲೇ ಆಸೆ. ಅತ್ತೆ ಗರಗಸದ ತುದಿ ಹಿಡಿದು ಕಲಿಸಿದ ಕೆಲಸ ಇದು."

"ನನ್ನ ಹೆಸರು ಯಾಕೆ ಎಳೀತೀಯ ಮಧ್ಯಕ್ಕೆ?" ಎಂದು ಅತ್ತೆ ಮೂಲೆಯಿಂದ ಗದರುತ್ತಾರೆ. "ಆ ಮಗು ನನ್ನ ಅಸಮಬಾಹು ಅಂದಿದ್ದು ಸಾಲದಾ?"

"ಅಂದಿದ್ದು ಸುಳ್ಳಾ ಅತ್ತೆ?"

"ನಿಜವೇ. ನಾನು ಅಸಮಬಾಹು, ನೀನು ವಿಶಾಲಕೋನ. ಇಬ್ಬರನ್ನೂ ಒಂದೇ ಗೂಡಲ್ಲಿ ಇಟ್ಟಿದಾನಲ್ಲ, ಆ ಬಡಗಿ ಯಾರು ಅಂತ ನೋಡ್ಬೇಕಿತ್ತು."

ಹಿಗ್ಗಿದ ಹಲಗೆಯನ್ನು ಅಕ್ಕ ಒಲೆಗೆ ಹಾಕಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿದ್ದಾರೆ. ಬಿಸಿಲು ಬಂದರೆ ಮರ ತೇವ ಬಿಡುತ್ತದೆ, ಮೂರು ಬಾಹುಗಳೂ ಮತ್ತೆ ಸಮಕ್ಕೆ ಬರಬಹುದು.

ಸಂಜೆಯ ಹೊತ್ತಿಗೆ ಮಳೆ ನಿಂತು, ಮೋಡದ ಸಂದಿಯಿಂದ ತೆಳ್ಳಗೆ ಬಿಸಿಲು ಬಿದ್ದಿದೆ. ಅಕ್ಕ ಹಲಗೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, "ಸರಿಹೋದ ಹಾಗೆ ಕಾಣುತ್ತೆ," ಎನ್ನುತ್ತಾರೆ. ಗೋಡೆ ಸವರಿಕೊಂಡು ಬಂದ ಪಿಟೀಲು ಪಕ್ಕದಲ್ಲಿ ನಿಂತು ಬಿಲ್ಲೆಯನ್ನು ಎಬ್ಬಿಸುತ್ತಾಳೆ, ಒಂದು ಮೂಲೆಯಷ್ಟು ತಿರುಗಿಸಿ ಒತ್ತುತ್ತಾಳೆ, ತಲೆಯಾಡಿಸುತ್ತಾಳೆ.

"ಇನ್ನೂ ಇಲ್ಲ ಅಕ್ಕ."

ಅಕ್ಕ ಅಳತೆಪಟ್ಟಿಗೆ ಕೈ ಹಾಕುವುದಿಲ್ಲ. ಬಿಲ್ಲೆಯನ್ನು ಇಸಿದುಕೊಂಡು ಮತ್ತೆ ಪರೀಕ್ಷಿಸುವುದೂ ಇಲ್ಲ. ಹಲಗೆಯನ್ನು ಬಿಸಿಲಿನ ಕಡೆಗೆ ಸ್ವಲ್ಪ ಸರಿಸಿ ಇಡುತ್ತಾರೆ.

"ಅವಳು ಇನ್ನೂ ಇಲ್ಲ ಅಂದ್ರೆ ಇನ್ನೂ ಇಲ್ಲ," ಎನ್ನುತ್ತಾರೆ. "ನಾಳೆ ಬಂದು ಮತ್ತೆ ತಿರುಗಿಸ್ತಾಳೆ."